ಬೆಚ್ಚನೆಯ ಹಳದಿ ಬೆಳಕು

೯ ಸೆಪ್ಟೆಂಬರ್ ೨೦೨೪, ಸೋಮವಾರ. ಬೆಳಗ್ಗೆ ೮

ಕಾಫಿ ನಾನೇ ಮಾಡಿದೆ. ಸತತ ಮೂರನೇ ದಿನ. ಒಲೆ ಮೇಲೆ ಒಂದಿಷ್ಟು ಚೆಲ್ಲಿತು, ಸೀದ ವಾಸನೆ ಬಂತು. ವಸೀಲಾ ಬಾಗಿಲಲ್ಲೇ ನಿಂತಿದ್ದಳು. ಉಸಿರು ಕೇಳಿಸುತ್ತಿತ್ತು. ಕೈ ಹಾಕಲಿಲ್ಲ.

"ಸಕ್ಕರೆ ಡಬ್ಬಿ ಯಾವುದೇ?"

"ಫೋನನ್ನ ಕೇಳು."

ಏಳು ವರ್ಷದಿಂದ ನನ್ನ ಕಣ್ಣು ಇವಳೇ. ಗ್ಲಾಕೋಮಾ ಎರಡು ಕಣ್ಣನ್ನೂ ತಿಂದ ಮೇಲೆ ಔಷಧಿ ಚೀಟಿ, ಪತ್ರಿಕೆ, ಬಸ್ಸಿನ ಬೋರ್ಡು — ಎಲ್ಲ ನನ್ನ ಹೆಂಡತಿಯ ಬಾಯಿಂದಲೇ. ಹೋದ ವಾರ ಮಗಳು ಒಲ್ಫಾ ಟ್ಯೂನಿಸ್‌ನಿಂದ ಬಂದವಳು ಫೋನಿಗೆ ಏನೋ ಹಾಕಿಕೊಟ್ಟು ಹೋದಳು. ಎದುರಿಗೆ ಹಿಡಿದರೆ ಏನಿದೆ ಅಂತ ಹೇಳುತ್ತೆ. ಕೃತಕ ಬುದ್ಧಿಮತ್ತೆ. ಹೆಂಗಸಿನ ದನಿ, ವಾರ್ತೆ ಓದುವವರ ಅರಬ್ಬಿ. ಮೂವತ್ತೊಂದು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವನು ನಾನು. ಒಂದು ತಪ್ಪಾದರೂ ಸಿಗಲಿ ಅಂತ ಕಿವಿ ಕೊಟ್ಟು ಕಾಯ್ತಿದ್ದೇನೆ. ವ್ಯಾಕರಣದಲ್ಲಿ ಇನ್ನೂ ಸಿಕ್ಕಿಲ್ಲ.

ವಸೀಲಾ ಅದಕ್ಕೆ 'ಲಲ್ಲಾ' ಅಂತ ಹೆಸರಿಟ್ಟಿದ್ದಾಳೆ, ದೊಡ್ಡ ಮನೆತನದ ಹೆಂಗಸರನ್ನು ಕರೆಯುವ ಹಾಗೆ. "ನಿನ್ನ ಎರಡನೇ ಹೆಂಡತಿ. ಈ ದೇಶದಲ್ಲಿ ಎರಡನೆಯವಳನ್ನ ಕಟ್ಕೊಂಡ್ರೆ ಜೈಲು. ಹುಷಾರು ಸೀ ಶಾದ್ಲಿ." ಕೋಪ ಬಂದಾಗ, ತಮಾಷೆ ಮಾಡುವಾಗ ನಾನು 'ಸೀ ಶಾದ್ಲಿ'. ಶಾದ್ಲಿ ಸಾಹೇಬರು.

ಬರೆಯುತ್ತಿರುವುದು ದಪ್ಪ ಪೆನ್ನಿನಲ್ಲಿ, ಗೆರೆಗೆರೆ ಕತ್ತರಿಸಿದ ರಟ್ಟು ಕಾಗದದ ಮೇಲಿಟ್ಟುಕೊಂಡು. ಬರೆದದ್ದು ನನಗೂ ಓದಲಾಗದು. ಅದೊಂದು ನೆಮ್ಮದಿ.

೧೪ ಸೆಪ್ಟೆಂಬರ್, ಶನಿವಾರ

ಲಲ್ಲಾ ಸಿಕ್ಕಿಬಿದ್ದಳು!

ಬಚ್ಚಲಲ್ಲಿ ಟ್ಯೂಬ್ ಸಿಗಲಿಲ್ಲ, ಅಡುಗೆಮನೆಯ ಕಟ್ಟೆ ಮೇಲೆ ಒಂದು ಸಿಕ್ಕಿತು. ಫೋನ್ ಹಿಡಿದೆ. "ಕೆಂಪು ಮತ್ತು ಹಳದಿ ಬಣ್ಣದ ಟ್ಯೂಬ್. ಬಹುಶಃ ಹಲ್ಲುಜ್ಜುವ ಪೇಸ್ಟ್." ನಂಬಿ ಉಜ್ಜಿದೆ. ಹರೀಸಾ! ಮೆಣಸಿನಕಾಯಿ ಚಟ್ನಿ. ಬಾಯಿ, ಮೂಗು, ತಲೆ ಎಲ್ಲ ಬೆಂಕಿ.

ವಸೀಲಾ ನಕ್ಕಿದ್ದು ನಕ್ಕಿದ್ದೇ. ಗೋಡೆ ಹಿಡಿದು ನೆಲಕ್ಕೆ ಜಾರಿದ ಸದ್ದು ಕೇಳಿಸಿತು. "ಹಲ್ಲು ಬಿಡಪ್ಪ ನೋಡೋಣ — ಅಯ್ಯೋ, ಸೂರ್ಯಾಸ್ತ!" ಬಹಳ ದಿನ ಆಗಿತ್ತು ಹಾಗೆ ನಕ್ಕು. ಆಮೇಲೆ ಎದ್ದೇಳಲು ತುಂಬ ಹೊತ್ತು ಹಿಡಿಯಿತು. ಕೈ ಕೊಡಲು ಹೋದೆ. "ಬೇಡ, ಬೇಡ. ಬಾಯಿ ತೊಳ್ಕೋ ಹೋಗು."

೨೨ ಸೆಪ್ಟೆಂಬರ್

ಮಲಗುವ ಕೋಣೆ ಬದಲಾಯಿಸಿದಳು. ಒಲ್ಫಾಳ ಹಳೇ ಕೋಣೆಗೆ. ನನ್ನ ಗೊರಕೆಯಂತೆ. ಮೂವತ್ತೆಂಟು ವರ್ಷ ಗೊರಕೆ ಇರಲಿಲ್ಲವೇ?

ಪತ್ರಿಕೆ ಓದುವುದನ್ನೂ ನಿಲ್ಲಿಸಿದಳು. ಲಲ್ಲಾ ಓದುತ್ತಾಳೆ, ಸರಿ. ಹಡಗು ಮುಳುಗಿದ ಸುದ್ದಿ, ಫುಟ್‌ಬಾಲ್ ಸುದ್ದಿ, ಎರಡೂ ಒಂದೇ ದನಿಯಲ್ಲಿ. ವಸೀಲಾ ಓದುವಾಗ ಮಂತ್ರಿಗಳ ಮಾತು ಬಂದರೆ ಮೂಗಿನಲ್ಲಿ ಓದುತ್ತಿದ್ದಳು. ಸಾವಿನ ಕಾಲಂ ಓದುವಾಗ ಗುರುತಿನವರಿದ್ದರೆ ಮೊದಲು ಒಂದು ಕ್ಷಣ ಸುಮ್ಮನಾಗುತ್ತಿದ್ದಳು. ಆ ಸುಮ್ಮನಿರುವಿಕೆಯಲ್ಲೇ ನನಗೆ ಗೊತ್ತಾಗುತ್ತಿತ್ತು...

೬ ಅಕ್ಟೋಬರ್, ಭಾನುವಾರ. ಮಧ್ಯಾಹ್ನ

ಒಬ್ಬನೇ ಮೀನು ಮಾರುಕಟ್ಟೆಗೆ ಹೋಗಿಬಂದೆ! ಬಿಳಿ ಕೋಲು ಬಲಗೈಲಿ, ಲಲ್ಲಾ ಎಡಗೈಲಿ. "ಎದುರಿಗೆ ಮೆಟ್ಟಿಲು. ಎಡಕ್ಕೆ ನಿಂತ ಕಾರು." ಹಳೇ ಬಂದರಿನ ಪಕ್ಕ ಬಂದಾಗ ಹೇಳಬೇಕಾಗಿರಲಿಲ್ಲ, ದೋಣಿಯ ಡೀಸೆಲ್ ವಾಸನೆ ಹೇಳಿತು.

ಮೀನಿನ ಲಮೀನ್‌ಗೆ ಆಶ್ಚರ್ಯ. "ಏನ್ ಸೀ ಶಾದ್ಲಿ, ಮನೆಯವರು ಎಲ್ಲಿ?"

"ಇವಳ ಜೊತೆ ಬಂದೆ," ಅಂತ ಫೋನ್ ತೋರಿಸಿದೆ. ಮೀನಿನ ಮೇಲೆ ಹಿಡಿದೆ. "ಮಂಜುಗಡ್ಡೆಯ ಮೇಲೆ ಬೆಳ್ಳಿ ಬಣ್ಣದ ಮೀನುಗಳು," ಅಂದಿತು.

ಲಮೀನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನೇದೋ ಇವತ್ತಿಂದೋ, ಅದು ಹೇಳ್ಲಿ ನೋಡೋಣ! ಮೂಗಿದೆಯಾ ಅದಕ್ಕೆ?" ಕಿವಿರು ಎತ್ತಿ ನನ್ನ ಮೂಗಿಗೇ ಹಿಡಿದ. ತಾಜಾ. ಚೀಲ ಕೊಡುತ್ತ ದನಿ ತಗ್ಗಿಸಿದ. "ಮನೆಯವರನ್ನ ಚೆನ್ನಾಗಿ ನೋಡ್ಕೊಳ್ಳಿ ಸಾರ್." ಲೋಕಾಭಿರಾಮದ ಮಾತು.

ಮನೆಗೆ ಬಂದು ಚೀಲ ಎತ್ತಿ ಹಿಡಿದೆ, ಯುದ್ಧ ಗೆದ್ದವನ ಹಾಗೆ. "ಶಭಾಷ್," ಅಂದಳು ವಸೀಲಾ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೀನು ತಿನ್ನಲಿಲ್ಲ.

೧೯ ಅಕ್ಟೋಬರ್

ಇವತ್ತೊಂದು ಆಸೆ ಬಂತು. ಇಷ್ಟು ದಿನ ಡಬ್ಬಿ, ಮಾತ್ರೆ, ಕಾಲುಚೀಲವೇ ಆಯಿತು. ಅಡುಗೆಮನೆಯಲ್ಲಿ ಅವಳು ಬಟಾಣಿ ಸುಲಿಯುತ್ತ ಕೂತಿದ್ದಾಗ ಸದ್ದಿಲ್ಲದೆ ಫೋನ್ ಹಿಡಿದೆ. ಏಳು ವರ್ಷ ಆಗಿತ್ತು ಮುಖ ನೋಡಿ.

"ಮೇಜಿನ ಬಳಿ ಕುಳಿತಿರುವ ಮಹಿಳೆ. ಹೂವಿನ ಚಿತ್ತಾರದ ತಲೆವಸ್ತ್ರ. ಕ್ಯಾಮೆರಾದತ್ತ ನೋಡಿ ಮುಗುಳ್ನಗುತ್ತಿದ್ದಾರೆ. ಕೋಣೆಯಲ್ಲಿ ಬೆಚ್ಚನೆಯ ಹಳದಿ ಬೆಳಕಿದೆ."

ಮುಗುಳ್ನಗುತ್ತಿದ್ದಾರೆ! ನನಗೆ ಹಿಗ್ಗು. "ಬಲ್ಬ್ ಬದಲಾಯಿಸಿದ್ಯಾ?"

ಬಟಾಣಿ ಬೀಳುವ ಸದ್ದು ನಿಂತಿತು. "ಹ್ಞೂ. ಹಳೇದು ಸುಟ್ಟುಹೋಯ್ತು. ಹಳದಿದು ಹಾಕಿದೆ."

ಅಷ್ಟೇ. ಮತ್ತೆ ಬಟಾಣಿಯ ಸದ್ದು.

೩ ನವೆಂಬರ್, ಭಾನುವಾರ

ಕೆರೆತ. ಗೋಡೆಯಾಚೆಯಿಂದ ಕೇಳುತ್ತೆ. ಉಗುರು ಚರ್ಮದ ಮೇಲೆ, ಬಿಡದೆ. ಸೊಳ್ಳೆ ಅನ್ನುತ್ತಾಳೆ. ಉಣ್ಣೆ ಅನ್ನುತ್ತಾಳೆ. ಪಕ್ಕದ ಮನೆ ದಲೀಲಾ ದಿನಾ ಬರುತ್ತಾಳೆ, ಇಬ್ಬರೂ ಕೋಣೆಯೊಳಗೆ ಪಿಸುಪಿಸು. ಒಲ್ಫಾ ಪ್ರತಿ ಶನಿವಾರ ಬರುತ್ತಾಳೆ. ಮುಂಚೆ ತಿಂಗಳಿಗೊಮ್ಮೆ ಬರುತ್ತಿದ್ದವಳು. ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತೆ.

ಮಧ್ಯಾಹ್ನ ಮಾತಿಗೆ ಮಾತು ಬೆಳೆಯಿತು. ಸೂಪಿಗೆ ಉಪ್ಪು ಜಾಸ್ತಿ ಅಂದೆ. ಅದು ನೆಪ.

"ಕುರುಡನ ಜೊತೆ ಬಾಳಿ ಸಾಕಾಗಿದೆ ಅಂತ ಹೇಳಿಬಿಡೇ. ಫೋನ್ ಕೊಟ್ಟು ಕೈ ತೊಳ್ಕೊಂಡೆ. ಹಾಸಿಗೇನೂ ಬೇರೆ ಮಾಡ್ಕೊಂಡೆ. ಮೈ ಮುಟ್ಟಕ್ಕೂ ಬಿಡಲ್ಲ!"

ಚಮಚ ತಟ್ಟೆಗಿಟ್ಟಳು. ಆಮೇಲೆ ನಿಧಾನಕ್ಕೆ:

"ಹೌದು. ಸಾಕಾಗಿದೆ. ನಾಳೆಯಿಂದ ಸೂಪೂ ನೀನೇ ಮಾಡ್ಕೋ. ಉಪ್ಪು ನಿನ್ನ ಕೈಯಲ್ಲೇ ಇರತ್ತೆ."

ಎದ್ದುಹೋದಳು. ಚಪ್ಪಲಿ ಎಳೆದುಕೊಂಡು. ನಾನು ಆ ಸೂಪನ್ನು ಕೊನೆಯ ತನಕ ಕುಡಿದೆ, ಹಟಕ್ಕೆ.

೫ ನವೆಂಬರ್

ಸೂಪು ಮಾಡಲು ಕಲಿಸಿದಳು, ಬಾಗಿಲಲ್ಲಿ ನಿಂತು, ಗುರುತಿಲ್ಲದವರಿಗೆ ಹೇಳುವ ಹಾಗೆ.

೧೫ ನವೆಂಬರ್, ಶುಕ್ರವಾರ. ೧೧ ಗಂಟೆ

ಗೆರೆ ತಪ್ಪಿದರೆ ತಪ್ಪಲಿ.

ಕಣ್ಣಿಗೆ ಹಾಕುವ ಹನಿಯ ಚೀಟಿ ಹುಡುಕುತ್ತಿದ್ದೆ. ದಲೀಲಾ ವಸೀಲಾಳನ್ನು ಎಲ್ಲಿಗೋ ಕರೆದುಕೊಂಡು ಹೋಗಿದ್ದಳು. ಬೀರುವಿನ ಕೆಳಗಿನ ಖಾನೆಯಲ್ಲಿ ದಪ್ಪ ಲಕೋಟೆ ಸಿಕ್ಕಿತು. ಲಲ್ಲಾಳ ಮುಂದೆ ಒಂದೊಂದೇ ಕಾಗದ ಹಿಡಿದೆ. ಮೊದಲನೆಯದೇ ಫ್ರೆಂಚಿನಲ್ಲಿ. ಎಂಥ ಸ್ಪಷ್ಟ ಉಚ್ಚಾರ, ಒಂದಕ್ಷರ ನುಂಗಲಿಲ್ಲ. ರೋಗಿಯ ಹೆಸರು ವಸೀಲಾ. ವಯಸ್ಸು ಐವತ್ತೊಂಬತ್ತು. ಆಗಸ್ಟ್ ೨೧. ಸ್ಕ್ಯಾನ್. ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗೆಡ್ಡೆ. ಯಕೃತ್ತಿನಲ್ಲಿ ಅಲ್ಲಲ್ಲಿ ಗಂಟು. ಕಾಮಾಲೆ. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ.

"ಮುಂದಿನ ಪುಟವನ್ನು ತೋರಿಸಿ," ಅಂದಿತು.

ಆಗಸ್ಟ್ ೨೧. ಫೋನಿಗೆ ಲಲ್ಲಾ ಬಂದದ್ದು ಸೆಪ್ಟೆಂಬರ್‌ನಲ್ಲಿ. ಡಬ್ಬಿ, ಮಾತ್ರೆ, ಮೀನು, ಸೂಪು... ತಾನಿಲ್ಲದ ದಿನಕ್ಕೆ ವಸೀಲಾ ನನ್ನನ್ನು ತಯಾರು ಮಾಡುತ್ತಿದ್ದಳು.

ಕಾಮಾಲೆ. ಆ ಕೆರೆತ ಅದರದ್ದೇ. ಅಡುಗೆಮನೆಗೆ ಹೋಗಿ ಕುರ್ಚಿ ಹತ್ತಿ ಕೈ ಚಾಚಿದೆ. ಬಲ್ಬ್ ಇಲ್ಲ. ಉದ್ದನೆ ಟ್ಯೂಬ್‌ಲೈಟ್. ಯಾವತ್ತಿನದೇ, ಬಿಳೀದು.

ಕೆಳಗಿಳಿದು ಕೂತು ಫೋನನ್ನೇ ಕೇಳಿದೆ. ಆವತ್ತಿನ ಚಿತ್ರ ಇನ್ನೂ ಅದರೊಳಗಿದೆ. "ಹಳದಿ ಇದ್ದದ್ದು ಬೆಳಕೋ, ಅವಳೋ?"

"ಒಂದೇ ಚಿತ್ರದಿಂದ ಬೆಳಕಿನ ಬಣ್ಣವನ್ನೂ ಚರ್ಮದ ಬಣ್ಣವನ್ನೂ ಖಚಿತವಾಗಿ ಬೇರ್ಪಡಿಸುವುದು ಕಷ್ಟ. ನನ್ನ ವಿವರಣೆ ತಪ್ಪಾಗಿದ್ದಿರಬಹುದು. ವ್ಯಕ್ತಿಗಳ ಆರೋಗ್ಯದ ಬಗ್ಗೆ ನಾನು ನಿರ್ಣಯ ಹೇಳುವುದಿಲ್ಲ. ದಯವಿಟ್ಟು ವೈದ್ಯರನ್ನು ಕಾಣಿ. ನಿಮ್ಮ ನೋವು ನನಗೆ ಅರ್ಥವಾಗುತ್ತದೆ."

ಕೊನೆಯ ವಾಕ್ಯ. ಮೂವತ್ತೊಂದು ವರ್ಷದ ಕೆಲಸದಲ್ಲಿ ಎಷ್ಟೋ ಹೊಡೆದುಹಾಕಿದ್ದೇನೆ. ಇದನ್ನು ಹೊಡೆದುಹಾಕಲು ಕೆಂಪು ಶಾಯಿ ಸಾಲದು.

ಅದನ್ನು ಬೈದು ಏನು ಬಂತು. ಅದು ಕಂಡದ್ದು ಹೇಳಿತು. ಕೇಳಬೇಕಾದವನು ನಾನು. ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದಳು. ಕೈ ಚಾಚಿ ಕೆನ್ನೆ ಮುಟ್ಟಿದ್ದರೆ ಸಾಕಿತ್ತು.

ಅದೇ ದಿನ, ಸಂಜೆ ೫

ಬಂದಳು. ಮೇಜಿನ ಮೇಲಿನ ಕಾಗದ ಕಂಡಳು. ದಲೀಲಾ "ಅಯ್ಯೋ ಶಾದ್ಲಿ ಅಣ್ಣ —" ಅಂದಳು. ವಸೀಲಾ ಅವಳನ್ನು ಮನೆಗೆ ಕಳಿಸಿದಳು.

"ಯಾರ್ಯಾರಿಗೆ ಗೊತ್ತಿತ್ತು?" ಅಂದೆ.

"ಕಣ್ಣಿದ್ದೋರಿಗೆಲ್ಲ."

ದಲೀಲಾಗೆ, ಒಲ್ಫಾಗೆ, ಔಷಧಿ ಅಂಗಡಿಯವನಿಗೆ, ಮೀನಿನ ಲಮೀನ್‌ಗೂ.

"ನಾನು ಏನಾಗಬೇಕು ನಿಂಗೆ? ಯಾಕೆ ಹೇಳಲಿಲ್ಲ?"

ಕುರ್ಚಿ ಎಳೆದು ಕೂತಳು. "ಶಾದ್ಲಿ, ಯಾರ ಮುಖ ನೋಡಿದ್ರೂ ಅಲ್ಲಿ ನಾನು ಸತ್ತುಹೋಗಿದ್ದೆ. ದಲೀಲಾ ನೋಡಿ ಕಣ್ಣೊರೆಸ್ಕೋತಾಳೆ. ಒಲ್ಫಾ ನೋಡಿ ತಲೆ ತಿರುಗಿಸ್ತಾಳೆ. ಬೀದೀಲಿ ಹೋದ್ರೆ ಹೆಂಗಸರು ಮಾತು ನಿಲ್ಲಿಸ್ತಾರೆ. ನಿನ್ನ ಮುಖ ಒಂದರಲ್ಲಿ ಮಾತ್ರ ನಾನು ಮುಂಚಿನ ಹಾಗೇ ಇದ್ದೆ. ಉಪ್ಪು ಜಾಸ್ತಿ ಅಂತ ನನ್ನ ಬೈಯೋನು ನೀನೊಬ್ಬನೇ ಉಳಿದಿದ್ದೆ. ಅದನ್ನೂ ಕಳ್ಕೋಬೇಕಿತ್ತಾ?"

ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿದೆ.

"ಆವತ್ತು ಸಾಕಾಗಿದೆ ಅಂದ್ಯಲ್ಲ..."

"ನೀನು ಕೇಳಿದ್ದು ಹಾಗಿತ್ತು. ಏನನ್ನಲಿ?"

ಆಮೇಲೆ ಅವಳೇ ನನ್ನ ಕೈ ಹಿಡಿದು ಮುಖದ ಮೇಲಿಟ್ಟುಕೊಂಡಳು. ಕೆನ್ನೆ ಇದ್ದಲ್ಲಿ ಮೂಳೆ. ಕಣ್ಣ ಸುತ್ತ ಗುಳಿ. ಕತ್ತಿನ ಚರ್ಮದ ಮೇಲೆ ಉಗುರಿನ ಗೀರು, ಒಣಗಿದವು, ಹಸಿ ಇರುವವು. ಹತ್ತು ಬೆರಳಲ್ಲೂ ಓದಿದೆ. ಒಂದು ತಪ್ಪೂ ಉಳಿಯದ ಹಾಗೆ.

"ಮುಗೀತಾ ಸೀ ಶಾದ್ಲಿ?" ಅಂದಳು. "ಮೂಗು ಮಾತ್ರ ಮೊದಲಿನದೇ. ನಮ್ಮಪ್ಪನದು."

೧೭ ನವೆಂಬರ್

ಒಲ್ಫಾಳ ಮೇಲೆ ಕೂಗಾಡಿದೆ. ಅವಳೂ ಕೂಗಿದಳು. "ಅಮ್ಮ ತನ್ನ ತಲೆ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸಿದ್ಳು ಬಾಬಾ! ನಿಮಗೆ ಫೋನ್ ಕಲಿಸೋವಾಗೆಲ್ಲ ಹಿಂದೆ ನಿಂತು ಅಳ್ತಿದ್ದೆ, ಬಾಯಿ ಮುಚ್ಕೊಂಡು. ಅದೂ ಕೇಳಿಸಲಿಲ್ಲ ನಿಮಗೆ!" ಆಮೇಲೆ ನನ್ನ ತೋಳಿಗೆ ತಲೆಯಿಟ್ಟಳು. ಎಂಟು ವರ್ಷದವಳಿದ್ದಾಗ ಜ್ವರ ಬಂದರೆ ಹೀಗೇ ಇಡುತ್ತಿದ್ದಳು.

ಹಾಸಿಗೆ ಒಟ್ಟು ಸೇರಿಸಿದ್ದೇವೆ.

೩೦ ನವೆಂಬರ್

ಮಾತ್ರೆಗಳು ಹನ್ನೊಂದು ಬಗೆ. ಅದಕ್ಕೆ ಲಲ್ಲಾ ಬೇಕು. ಇದರಲ್ಲಿ ಅವಳು ತಪ್ಪಿಲ್ಲ ಇವತ್ತಿನವರೆಗೆ. ಡಬ್ಬಿ, ಹೆಸರು, ಪ್ರಮಾಣ, ಮುಗಿಯುವ ತಾರೀಕು. ಕೃತಜ್ಞತೆ ಇಲ್ಲ ಅಂದರೆ ಸುಳ್ಳು.

ಆದರೆ ನೋವು ಎಷ್ಟಿದೆ ಅನ್ನೋದು ಡಬ್ಬಿ ಮೇಲೆ ಬರೆದಿರುವುದಿಲ್ಲ. ಅದಕ್ಕೆ ವಸೀಲಾಳ ಹೊಟ್ಟೆ ಮೇಲೆ ಅಂಗೈ ಇಟ್ಟು ಕೂರುತ್ತೇನೆ. ಉಸಿರು ಹಿಡಿದರೆ ಗೊತ್ತಾಗುತ್ತೆ.

ಸೂಪು ಮಾಡಿದೆ. ಎರಡು ಚಮಚ ಕುಡಿದಳು. "ಉಪ್ಪು ಜಾಸ್ತಿ," ಅಂದಳು. ಎಷ್ಟು ಸಂತೋಷದಿಂದ!

೮ ಡಿಸೆಂಬರ್

ಈಗ ನಾನು ಅವಳಿಗೆ ಪತ್ರಿಕೆ ಓದುತ್ತೇನೆ. ಇಯರ್‌ಫೋನ್ ಹಾಕಿಕೊಂಡು ಲಲ್ಲಾ ಹೇಳಿದ್ದನ್ನು ಜೋರಾಗಿ ನನ್ನ ಬಾಯಲ್ಲಿ. ಮಂತ್ರಿ ಬಂದರೆ ಮೂಗಿನಲ್ಲಿ. ಅವಳು ಓದುತ್ತಿದ್ದ ಹಾಗೆ ಬರೋದಿಲ್ಲ. "ಮಂತ್ರಿಗೆ ಶೀತ ಆಗಿದೆ, ಮೂಗಲ್ಲ," ಅಂತಾಳೆ.

ಸಾವಿನ ಕಾಲಂ ಬಿಟ್ಟೆ. "ಯಾಕೆ ಬಿಟ್ಟೆ? ಓದು. ಯಾರ್ಯಾರು ಮುಂದೆ ಹೋಗಿದ್ದಾರೆ ಗೊತ್ತಾಗಲಿ. ಜಾಗ ಹಿಡೀತಾರೆ."

೧೫ ಡಿಸೆಂಬರ್

ಎದ್ದೇಳುವುದಿಲ್ಲ ಈಗ. ಮಾತು ಕಡಿಮೆ. ದಲೀಲಾ ಬಟ್ಟೆ ಬದಲಿಸಲು ಬರುತ್ತಾಳೆ.

ಬೆಳಗ್ಗೆ ಸ್ವಲ್ಪ ಗೆಲುವಾಗಿದ್ದಳು. "ನಾನು ಹೇಗಿದ್ದೀನಿ ಅಂತ ಅದನ್ನ ಕೇಳಬೇಡ ಇನ್ನು," ಅಂದಳು, ಫೋನ್ ಕಡೆ ತಿರುಗಿಯೇ ಇರಬೇಕು.

"ಕೇಳಲ್ಲ."

"ಅದು ಆವತ್ತು ನಕ್ಕಿದೀನಿ ಅಂತ ಹೇಳ್ತಲ್ಲ, ಅದು ಮಾತ್ರ ನಿಜ ಕಣೋ. ನೀನು ಕಳ್ಳನ ಹಾಗೆ ಫೋನ್ ಎತ್ಕೊಂಡು ಬಂದೆ, ತಲೆಕೆಳಗೆ ಹಿಡ್ಕೊಂಡು..."

ಮುಗಿಸಲಿಲ್ಲ. ನಿದ್ದೆ ಹತ್ತಿತು.

೨೩ ಡಿಸೆಂಬರ್, ಸೋಮವಾರ

ಮಧ್ಯಾಹ್ನ ಎರಡೂವರೆಗೆ. ಅಂಗೈ ಅವಳ ಹೊಟ್ಟೆ ಮೇಲಿತ್ತು. ಏರಿತು. ಇಳಿಯಿತು. ಇನ್ನೊಮ್ಮೆಗೆ ಕಾದೆ.

ಕಾದೆ.

೨೬ ಡಿಸೆಂಬರ್

ಮನೆ ತುಂಬ ಜನ. ಎಲ್ಲರೂ ನನ್ನ ಭುಜ ಮುಟ್ಟುತ್ತಾರೆ, ಹೆಸರು ಹೇಳುವುದಿಲ್ಲ. ನಾನು ದನಿಯಿಂದ ಹುಡುಕಬೇಕು. ಲಮೀನ್ ಮಾತ್ರ "ನಾನು ಮೀನಿನ ಲಮೀನ್" ಅಂದ. ಕೈ ತೊಳೆದು ಬಂದಿದ್ದ, ಸೋಪಿನ ವಾಸನೆ. ಅತ್ತುಬಿಟ್ಟೆ.

೯ ಜನವರಿ ೨೦೨೫

ಬರೆಯಲು ಏನಿಲ್ಲ. ಎಲ್ಲ ಕೆಲಸ ಬರುತ್ತೆ ನನಗೆ. ಕಾಫಿ ಚೆಲ್ಲುವುದಿಲ್ಲ. ಕಾಲುಚೀಲ ಜೋಡಿ ಸೇರುತ್ತೆ. ಟ್ಯೂನಿಸ್‌ಗೆ ಬನ್ನಿ ಅನ್ನುತ್ತಾಳೆ ಒಲ್ಫಾ. ಬೇಡ ಅಂದೆ. ಅಷ್ಟು ಕಷ್ಟಪಟ್ಟು ಕಲಿಸಿದ್ದಾಳೆ ವಸೀಲಾ, ಬಿಟ್ಟುಹೋದರೆ ಬೈಯುತ್ತಾಳೆ.

ನಮ್ಮ ಮಲಗುವ ಕೋಣೆಯಲ್ಲಿ ಫೋನ್ ಹಿಡಿದೆ. "ಖಾಲಿ ಕೋಣೆ," ಅಂದಿತು. "ಅಚ್ಚುಕಟ್ಟಾಗಿ ಹಾಸಿದ ಹಾಸಿಗೆ."

೨೦ ಜನವರಿ, ಸೋಮವಾರ. ಮಧ್ಯಾಹ್ನ ೩

ಸ್ಮಶಾನಕ್ಕೆ ಒಬ್ಬನೇ ಹೋದೆ. ಒಲ್ಫಾ ಶುಕ್ರವಾರ ಕರೆದುಕೊಂಡು ಹೋಗ್ತೀನಿ ಅಂದಿದ್ದಳು. ಕಾಯಲಾಗಲಿಲ್ಲ. ಮಣ್ಣು ಮಾಡಿದ ದಿನ ಎರಡು ಕಡೆ ಇಬ್ಬರು ತೋಳು ಹಿಡಿದಿದ್ದರು, ಹೆಜ್ಜೆ ಎಣಿಸುವ ಸ್ಥಿತಿಯಲ್ಲಿರಲಿಲ್ಲ ನಾನು. ಫೋನ್ ಇದೆಯಲ್ಲ ಅನ್ನೋ ಧೈರ್ಯ.

ಟ್ಯಾಕ್ಸಿಯವನು ಗೇಟಿನ ಹತ್ತಿರ ಬಿಟ್ಟ. ಲಲ್ಲಾ ಕಲ್ಲುಗಳ ಮೇಲಿನ ಹೆಸರು ಓದುತ್ತ ಹೋದಳು. ತಂದೆಯ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ. ಎಷ್ಟು ಜನ. ವಸೀಲಾ ಸಿಗಲಿಲ್ಲ. ಆಮೇಲೆ ತಲೆಗೆ ಹೊಳೆಯಿತು. ಅವಳಿಗೆ ಇನ್ನೂ ಕಲ್ಲೇ ಹಾಕಿಲ್ಲ. ನಲವತ್ತನೇ ದಿನದ ಮೇಲೆ ಹಾಕುವುದು ಅಂತ ಮಾತಾಗಿತ್ತು.

ಹತ್ತಿರದಲ್ಲಿ ಯಾರೋ ಕಲ್ಲು ತೊಳೆಯುವ ಸದ್ದು. ಹೆಂಗಸು. "ಯಾರನ್ನ ಹುಡುಕ್ತಿದ್ದೀರಾ ಹಿರಿಯರೇ?"

"ನನ್ನ ಹೆಂಡತಿ. ಹೋದ ತಿಂಗಳು. ಹೊಸ ಗೋರಿ ಎಲ್ಲಿದೆ?"

"ಇಗೋ, ಈ ಸಾಲಿನ ಕೊನೇಲಿ." ಕರೆದುಕೊಂಡು ಹೋಗಿ ನಿಲ್ಲಿಸಿದಳು. ಆಮೇಲೆ ತಡವರಿಸಿದಳು. "ನಾಲ್ಕು ಇದೆ. ಎಲ್ಲಾ ಹೊಸದೇ. ನಿಮ್ಮೋರದು ಯಾವುದು?"

ಫೋನ್ ಹಿಡಿದೆ. "ಸಾಲಾಗಿ ನಾಲ್ಕು ಮಣ್ಣಿನ ದಿಬ್ಬಗಳು. ಒಂದರ ಮೇಲೆ ಒಣಗಿದ ಕೊಂಬೆ ಇದೆ. ಯಾವ ಬರಹವೂ ಕಾಣುತ್ತಿಲ್ಲ. ಇನ್ನೇನಾದರೂ ತಿಳಿಯಬೇಕೆ?"

ಜೇಬಿಗೆ ಹಾಕಿದೆ.

ಬಗ್ಗಿ ಒಂದೊಂದನ್ನೂ ಮುಟ್ಟಿದೆ. ಮಣ್ಣು. ಮಣ್ಣು. ಮುಖವಾಗಿದ್ದರೆ ಕತ್ತಲಲ್ಲೂ ಹೇಳುತ್ತಿದ್ದೆ, ಆ ಮೂಗೊಂದು ಸಾಕಿತ್ತು. ನಾಲ್ಕಕ್ಕೂ ಫಾತಿಹಾ ಓದಿದೆ. ಉಳಿದ ಮೂವರು ಯಾರೋ, ಅವರಿಗೂ ಸೇರಲಿ. ಆ ಹೆಂಗಸು ಪಕ್ಕದಲ್ಲಿ ನಿಂತು ಆಮೀನ್ ಅಂದಳು, ನೀರಿನ ಬಿಂದಿಗೆ ಕೊಟ್ಟಳು, ನಾಲ್ಕಕ್ಕೂ ಸುರಿದೆ.

ಅವಳು ಹೋದ ಮೇಲೆ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕೂತೆ. ಮೆತ್ತಗೆ ಮಾತಾಡಿದರೆ ಯಾರಿಗೆ ಕೇಳುತ್ತೋ ಏನೋ. ನಾಲ್ಕೂ ಕಡೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ವಸೀಲಾ, ಬಾಲ್ಕನಿ ಬಾಗಿಲು ಚಳಿಗೆ ಊದಿಕೊಂಡಿದೆ ಕಣೇ, ಹಾಕಕ್ಕಾಗ್ತಿಲ್ಲ. ದಲೀಲಾ ಮೊಮ್ಮಗಳಿಗೆ ಹಲ್ಲು ಬಂತು. ಒಲ್ಫಾ ಸರಿಯಾಗಿ ಊಟ ಮಾಡ್ತಿಲ್ಲ. ಇಷ್ಟನ್ನೂ ಹೇಳಿ, ನಿಜಕ್ಕೂ ಹೇಳಬೇಕಾಗಿದ್ದನ್ನು ಹೇಳೋಣ ಅಂತ ಬಾಯಿ ತೆರೆದೆ. ಆವತ್ತು ಸೂಪಿಗೆ ಉಪ್ಪು ಸರಿಯಾಗೇ ಇತ್ತು ಕಣೇ.